ನಾಗಪುರಕ್ಕೆ ಹಿಡಿದ ಸೀಟು

ತಮ್ಮದೇ ಬೀಳ್ಕೊಡುಗೆ ಸಮಾರಂಭದಿಂದ ಅರ್ಧಕ್ಕೇ ಎದ್ದುಹೋದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಸಿಂಧನೂರಿನ ಒಂದು ಕಲ್ಯಾಣ ಮಂಟಪ. ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ನಾವಿಬ್ಬರೂ ಬಹಳ ವರ್ಷ ಜೊತೆಗೆ ಕೆಲಸ ಮಾಡಿದವರು. ನಾನು ಮೊದಲೇ ನಿವೃತ್ತನಾಗಿ ಮನೆ ಹಿಡಿದಿದ್ದೆ, ಅವತ್ತು ಅವರ ಸರದಿ. ನಾನು ಎಂದಿನಂತೆ ತಡವಾಗಿ ಹೋದೆ. ಸನ್ಮಾನ ಮುಗಿಸಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪಕ್ಕದ ಖುರ್ಚಿಯ ಮೇಲೆ, ಆಗಷ್ಟೇ ಅವರಿಗೆ ಹೊದಿಸಿದ್ದ ಜರಿಯಂಚಿನ ಶಾಲು ಹಾಸಿಕೊಂಡು ಬಿದ್ದಿತ್ತು.

"ಬರ್ರಿ ಅಣ್ಣಾರ, ಸೀಟು ಹಿಡಿದೀನಿ" ಎಂದು ಶಾಲು ಎತ್ತಿ ಮಡಿಲಿಗೆ ಹಾಕಿಕೊಂಡರು.

ವೇದಿಕೆಯ ಮೇಲೆ ಹೊಸ ಮ್ಯಾನೇಜರ್ ಒಬ್ಬ, ಅವರನ್ನು ಹೆಚ್ಚು ಬಲ್ಲವನಲ್ಲ, ಮೇಡಂ ಅವರ ಸಹನೆ, ತಾಳ್ಮೆ ಅಂತ ಶುರು ಮಾಡಿದ. ನಾನು ನಗು ತಡೆದುಕೊಳ್ಳಲು ಕೆಮ್ಮಿದೆ. ಅವರು ಗಡಿಯಾರ ನೋಡಿಕೊಂಡರು, ಇನ್ನೊಮ್ಮೆ ನೋಡಿಕೊಂಡರು, ಚೀಲ ಹೆಗಲಿಗೇರಿಸಿದರು. "ಮಸ್ಕಿ ಬಸ್ಸಿನ ಟೈಮ್ ಆತು. ನೀವು ಕುಂತು ಕೇಳ್ರಿ, ಏನೇನ್ ಅಂದ್ರಂತ ಆಮ್ಯಾಲ ಹೇಳೀರಂತ" ಎಂದು ಪಕ್ಕದ ಬಾಗಿಲಿನಿಂದ ಹೊರಟೇಹೋದರು. ಮ್ಯಾನೇಜರ್ ತಾಳ್ಮೆಯ ಬಗ್ಗೆ ಇನ್ನೂ ಒಂದಿಷ್ಟು ಹೊತ್ತು ಮಾತಾಡಿದ. ಖಾಲಿ ಖುರ್ಚಿಯ ಪಕ್ಕ ಕೂತು ನಾನೇ ಎಲ್ಲವನ್ನೂ ಕೇಳಿಸಿಕೊಂಡೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನು ಮಾಡಿ ಜಗಳ ತೆಗೆಯುತ್ತಾರೆ, ಆ ಜಗಳವನ್ನೂ ಅರ್ಧಕ್ಕೇ ಬಿಟ್ಟು ಫೋನಿಡುತ್ತಾರೆ. ಮೇಡಂ ಅಂದರೆ ಸಾಕು. ಹೊಲದ ಹೆಣ್ಣುಮಕ್ಕಳು ಅಕ್ಕಾರ ಅನ್ನುತ್ತಿದ್ದರು.

ಅವರು ನಮ್ಮ ಸಿಂಧನೂರು ಕಚೇರಿಗೆ ಬಂದದ್ದು ಎಂಬತ್ತರ ದಶಕದ ನಡುವೆ. ನಾನು ಗೋದಾಮು ನೋಡಿಕೊಳ್ಳುತ್ತಿದ್ದೆ. ನನ್ನ ಸ್ವಭಾವಕ್ಕೆ ಅದು ಹೇಳಿ ಮಾಡಿಸಿದ ಕೆಲಸ. ಚೀಲಗಳು ಎಲ್ಲಿಗೂ ಓಡಿಹೋಗುವುದಿಲ್ಲ, ನಾನೂ ಓಡಬೇಕಾಗಿಲ್ಲ. ಅವರದು ಹತ್ತಿ ಬೀಜದ ಪ್ಲಾಟುಗಳ ಉಸ್ತುವಾರಿ. ಹೈಬ್ರಿಡ್ ಹತ್ತಿ ಬೀಜ ಮಾಡುವುದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಹೆಣ್ಣು ಸಾಲಿನ ಗಿಡದಲ್ಲಿ ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆ ಬಿಡಿಸಿ, ಅದರ ಗಂಡು ಭಾಗ ಕಿತ್ತು, ಗುರುತಿಗೆ ಒಂದು ಬಣ್ಣದ ಚೀಟಿ ಸಿಕ್ಕಿಸುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಬಿಸಿಲು ಏರಿತೆಂದರೆ ಕೆಲಸ ಕೆಟ್ಟಿತು. ಪ್ಲಾಟುಗಳು ತುರ್ವಿಹಾಳದ ಕಡೆ ಕೆಲವು, ಮಸ್ಕಿ ಕಡೆ ಕೆಲವು, ಲಿಂಗಸೂಗೂರು ದಾಟಿ ಇನ್ನು ಕೆಲವು. ಮೇಡಂ ಒಂದೇ ಬೆಳಿಗ್ಗೆ ಮೂರೂ ಕಡೆ ಇರಬೇಕೆಂದು ಹಟ ಹಿಡಿದವರು.

"ಸ್ವಲ್ಪ ಚಹಾ ಕುಡದು ಹೋಗ್ರಿ ಮೇಡಂ" ಎಂದರೆ, "ಹೂವು ನನ್ನ ಸಲುವಾಗಿ ಕಾಯ್ತದೇನ್ರಿ?" ಎನ್ನುತ್ತ ಬಿಸಿ ಚಹಾವನ್ನು ಬಸಿಗೆ ಸುರಿದು, ನಿಂತೇ ಕುಡಿದು, ಬಸಿ ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಅವರು ಕೂತು ಚಹಾ ಕುಡಿದದ್ದನ್ನು ನಮ್ಮ ಕಚೇರಿಯಲ್ಲಿ ಯಾರೂ ನೋಡಿರಲಿಲ್ಲ. ಊಟಕ್ಕೂ ಅದೇ ಕತೆ. ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು ತಿನ್ನುತ್ತ ನಡೆಯುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ನೋಡಬೇಕು. ನಮ್ಮ ಕಡೆ ಬಸ್ಸು ನಿಲ್ಲುವ ಮುಂಚೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದು ಗೊತ್ತಿದ್ದದ್ದೇ. ಟವೆಲ್ ಬಿದ್ದ ಸೀಟಿಗೆ ಬೇರೆಯವರು ಕೂಡುವುದಿಲ್ಲ. ಕೂತರೆ ಜಗಳ, ಆ ಜಗಳದಲ್ಲಿ ಇಡೀ ಬಸ್ಸು ಟವೆಲ್ಲಿನವರ ಪಾರ್ಟಿ. ಮೇಡಂ ಚೀಲದಲ್ಲಿ ಇದಕ್ಕೆಂದೇ ಕೆಂಪು ಅಂಚಿನ ಒಂದು ಹಳೆಯ ಟವೆಲ್ ಇತ್ತು. ಲಿಂಗಸೂಗೂರಿನ ಬಸ್ಸಿಗೆ ಟವೆಲ್ ಒಗೆಯುತ್ತಿದ್ದರು. ಅಷ್ಟರಲ್ಲಿ ಮಸ್ಕಿ ಬಸ್ಸು ಮೊದಲು ಹೊರಡುತ್ತದೆಂದು ಯಾರಾದರೂ ಅಂದರೆ ಅದಕ್ಕೆ ಕರ್ಚೀಫು. ಆಚೆ ಒಂದು ಟೆಂಪೋ ಕಂಡರೆ ಅದಕ್ಕೆ ಕೊಡೆ. ಕೊನೆಗೆ ಮೂರೂ ಕಡೆ ಸಾಮಾನು ಹಂಚಿ, ಯಾವುದು ಮೊದಲು ಅಲುಗಾಡುತ್ತದೋ ಅಂತ ನಡುವೆ ನಿಂತಿರುತ್ತಿದ್ದರು. ಹೀಗೆ ಎಷ್ಟು ಕೊಡೆ ಟೆಂಪೋ ಹತ್ತಿ ತಾವೇ ಹೋಗಿವೆಯೋ. ಆದರೆ ಆ ಟವೆಲ್ ಮಾತ್ರ ಒಮ್ಮೆಯೂ ಕಳೆಯಲಿಲ್ಲ.

ಅದು ಅವರ ಅಪ್ಪನದು. ಅಪ್ಪ ಹಟ್ಟಿಯಲ್ಲಿ ಗಣಿ ಕೆಲಸ ಮಾಡಿದವರು. ಮೇಡಂ ಹುಟ್ಟಿ ಬೆಳೆದದ್ದೆಲ್ಲ ಕಂಪನಿ ಮನೆಯಲ್ಲಿ, ಪಾಳಿಯ ಸೈರನ್ ಕೂಗಿದ ಕೂಡಲೇ ಬುತ್ತಿ ತಯಾರಿರಬೇಕಾದ ಮನೆಯಲ್ಲಿ. ಅವರ ಅವಸರದ ಮೂಲ ಇದೇ ಇರಬೇಕೆಂದು ನಾನು ಅಂದುಕೊಂಡಿದ್ದೆ. ಆದರೆ ಅಪ್ಪನನ್ನು ಕಂಡ ಮೇಲೆ ಆ ಲೆಕ್ಕ ಬಿಟ್ಟೆ. ಅಷ್ಟು ಸಾವಕಾಶದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ; ನನಗೇ ಅವರ ಮುಂದೆ ಚುರುಕು ಬರುತ್ತಿತ್ತು. ನಿವೃತ್ತಿಯ ಮೇಲೆ ಲಿಂಗಸೂಗೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದರು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಹೊರಗೆ ಕಟ್ಟೆಯ ಮೇಲೆ ಅವರು. ಒಂದು ಪ್ರಶ್ನೆ ಕೇಳಿದರೆ ಎಲೆ ಅಡಿಕೆ ಮಡಚಿ, ಬಾಯಿಗಿಟ್ಟು, ಅದು ಹದಕ್ಕೆ ಬಂದ ಮೇಲೆ ಉತ್ತರ.

ಆ ಅಪ್ಪನಿಗೆ, ಬೌದ್ಧ ದೀಕ್ಷೆಯ ನೆನಪಿಗೆ ಪ್ರತಿ ದಸರೆಗೆ ಜನ ಸೇರುವ ನಾಗಪುರದ ದೀಕ್ಷಾಭೂಮಿಯದೊಂದು ಬಾಕಿ ಇತ್ತು. ಹರೆಯದಲ್ಲಿ, ಓಣಿಯ ಜನ ಗುಂಪುಗಟ್ಟಿ ನಾಗಪುರಕ್ಕೆ ಹೊರಟಾಗ ಅವರೂ ರೈಲು ಹತ್ತಿದ್ದರು. ಕೈಯಲ್ಲಿದ್ದುದು ಕಾಜಿಪೇಟೆವರೆಗಿನ ಟಿಕೇಟು. ಮುಂದೆ ಹೇಗೋ ಆಗುತ್ತದೆ ಅಂದುಕೊಂಡದ್ದು ಆಗಲಿಲ್ಲ. ನಡುದಾರಿಯಲ್ಲಿ ಟಿ.ಸಿ. ಇಳಿಸಿದ. ಜೊತೆಯವರು ಹೋದರು, ಇವರು ಹಿಂದಿರುಗಿ ಬಂದು ಮತ್ತೆ ಪಾಳಿಗೆ ಇಳಿದರು. "ನಾನು ನಾಗಪುರಕ್ಕ ಅರ್ಧಾ ಹೋಗಿ ಬಂದಾಂವ" ಎಂದು ಮನೆಯಲ್ಲಿ ಹೇಳಿ ನಗುತ್ತಿದ್ದರಂತೆ. ಸಣ್ಣ ಹುಡುಗಿಯಾಗಿದ್ದ ಮೇಡಂ ಒಮ್ಮೆ, "ನಿನ್ನ ನಾ ವಿಮಾನದಾಗ ಕರ್ಕೊಂಡು ಹೊಕ್ಕೀನಪ್ಪ. ಅದರಾಗಿಂದ ನಡುವ ಯಾರೂ ಇಳಸಾಕ ಬರಂಗಿಲ್ಲ" ಅಂದುಬಿಟ್ಟರು.

ಹುಡುಗಿಯ ಮಾತು. ಮರೆತು ಹೋಗಬೇಕಾದದ್ದು. ಆದರೆ ಅಪ್ಪ ಮರೆಯಲಿಲ್ಲ. ಮುಂದೆ ಪ್ರತಿ ದಸರೆಗೆ ಓಣಿಯವರು ರೈಲಿಗೆ ಹೊರಟು ಬಾ ಎಂದು ಕರೆದಾಗಲೂ ಅವರದು ಒಂದೇ ಮಾತು: "ನಾ ಮಗಳ ಸಂಗಾಟ ವಿಮಾನದಾಗ ಹೋಗಾಂವ." ಮೊದಮೊದಲು ಇದು ಚೇಷ್ಟೆ ಇದ್ದೀತು. ವರ್ಷಗಳು ಹೋದ ಹಾಗೆ ಹಟವಾಯಿತು. ಮೇಡಂಗೆ ಅದು ಎದೆಯಲ್ಲಿ ಕೂತ ಮುಳ್ಳು. ಅಪ್ಪ ನಾಗಪುರ ನೋಡದೆ ಉಳಿದರೆ ಅದಕ್ಕೆ ತಾವೇ ಕಾರಣ ಎಂದು ಅವರು ನಂಬಿದ್ದರು. ನಾನು ಎಷ್ಟೋ ಸಲ, "ರೈಲಿನ್ಯಾಗ ಕರ್ಕೊಂಡು ಹೋಗಿ ಬರ್ರಿ, ಮುಗೀತು" ಅಂದಿದ್ದೆ. "ಅವನು ಬರೋದಿಲ್ಲ ಅಣ್ಣಾರ. ನಾನೂ ಕರಿಯೋದಿಲ್ಲ. ಮಾತು ಅಂದ್ರ ಮಾತು" ಅನ್ನುತ್ತಿದ್ದರು. ಆ ಕಾಲದ ವಿಮಾನದ ಟಿಕೇಟು ನಮ್ಮಂಥವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ತಮ್ಮನ ಪಾಲಿಟೆಕ್ನಿಕ್ ಓದು, ಮನೆ, ಎಲ್ಲ ಅವರ ಸಂಬಳದ ಮೇಲೇ ನಡೆದಿತ್ತು.

ತೊಂಬತ್ತರ ದಶಕದ ನಡುವೆ ನಮ್ಮ ಕಂಪನಿ ದೊಡ್ಡದಾಯಿತು. ಮೇಡಂಗೆ ಬಡ್ತಿ ಬಂತು, ಬಡ್ತಿಯ ಜೊತೆ ಮೀಟಿಂಗುಗಳು ಬಂದವು. ಬೀಜದ ಸ್ಯಾಂಪಲ್ ತೆಗೆದುಕೊಂಡು ಬಸ್ಸಿನಲ್ಲಿ ಹೈದರಾಬಾದಿನ ಲ್ಯಾಬಿಗೆ ಹೋಗುವುದು, ಅಲ್ಲಿಂದ ದೊಡ್ಡ ಮ್ಯಾನೇಜರ್ ಜೊತೆ ವಿಮಾನದಲ್ಲಿ ಬೆಂಗಳೂರಿಗೋ ಮದ್ರಾಸಿಗೋ ಬೊಂಬಾಯಿಗೋ ಹೋಗಿ ಬರುವುದು. ನಾನು ಚೇಷ್ಟೆ ಮಾಡುತ್ತಿದ್ದೆ: ದಿನವಿಡೀ ಬಸ್ಸಿನಲ್ಲಿ ಮೈ ನುಗ್ಗು ಮಾಡಿಕೊಂಡು ಹೋಗಿ, ಒಂದು ಚಹಾ ಕುಡಿಯುವಷ್ಟು ಹೊತ್ತು ವಿಮಾನದಲ್ಲಿ ಕೂಡುವುದು ಯಾವ ಸುಖ ಎಂದು. "ಅಲ್ಲಿ ಚಹಾ ಕೂತೇ ಕುಡೀಬೇಕ್ರಿ, ಪಟ್ಟಾ ಕಟ್ಟಿರ್ತಾರ" ಎಂದು ಅವರು ಬೇಜಾರು ಮಾಡಿಕೊಳ್ಳುತ್ತಿದ್ದರು.

ಒಂದು ಸಲ ಹೈದರಾಬಾದಿನಿಂದ ಬಂದವರು ನೇರ ಗೋದಾಮಿಗೆ ನುಗ್ಗಿದರು. ಮುಖ ಕೆಂಪಾಗಿತ್ತು. ವಿಮಾನ ಕಂಪನಿಗಳು ಆಗಷ್ಟೇ ಹೊಸದೊಂದು ಆಸೆ ಹಚ್ಚಿದ್ದವು. ಮೆಂಬರ್ ಆದರೆ ಒಂದು ಕಾರ್ಡು ಕೊಡುತ್ತಾರೆ. ಪ್ರತಿ ಸಲ ವಿಮಾನ ಹತ್ತುವಾಗ ಆ ಕಾರ್ಡು ತೋರಿಸಿದರೆ ನಿಮ್ಮ ಹೆಸರಿನಲ್ಲಿ ಪಾಯಿಂಟು ಬೀಳುತ್ತವೆ. ಟಿಕೇಟು ಕಂಪನಿಯದಾದರೂ ಪಾಯಿಂಟು ನಿಮ್ಮದೇ. ಸಾಕಷ್ಟು ಕೂಡಿದ ಮೇಲೆ ಒಂದು ಟಿಕೇಟು ಪುಕ್ಕಟೆ, ಅದನ್ನು ಮನೆಯವರಿಗೂ ಕೊಡಬಹುದು.

"ನಮ್ಮಪ್ಪ ನಾಗಪುರಕ್ಕ ಹೋದಂಗ ಆತು ತಿಳೀರಿ" ಎಂದರು.

ನಾನೂ ಸಂತೋಷಪಟ್ಟೆ. ಆದರೆ ತಲೆನೋವು ಶುರುವಾದದ್ದೇ ಅಲ್ಲಿಂದ. ಕಾರ್ಡು ಒಂದಲ್ಲ. ಒಂದು ಸರಕಾರದ ಹಳೇ ವಿಮಾನ ಕಂಪನಿಯದು. ಹೈದರಾಬಾದಿನಿಂದ ನಾಗಪುರಕ್ಕೆ ಹೋಗುತ್ತಿದ್ದುದು ಅದೊಂದೇ. ಆದರೆ ಅದು ಪಾಯಿಂಟು ಕೊಡುವುದು ಹಾರಿದ ದೂರ ಅಳೆದು. ಬೆಂಗಳೂರು, ಮದ್ರಾಸಿನಂಥ ಸಣ್ಣ ಹಾರಾಟಕ್ಕೆ ಬರುತ್ತಿದ್ದುದು ಚಿಟಿಕೆಯಷ್ಟು. ಇನ್ನೊಂದು ಹೊಸ ಖಾಸಗಿ ವಿಮಾನದ್ದು, ಬಾಲಕ್ಕೆ ನೀಲಿ ಬಣ್ಣ ಇದ್ದದ್ದರಿಂದ ನಾವು ನೀಲಿ ಅನ್ನುತ್ತಿದ್ದೆವು. ಅದು ಸಣ್ಣ ಹಾರಾಟಕ್ಕೂ ಬೊಗಸೆ ತುಂಬ ಕೊಡುತ್ತಿತ್ತು, ಆದರೆ ನಾಗಪುರಕ್ಕೆ ಹೋಗುತ್ತಿರಲಿಲ್ಲ. ಸಾಲದ್ದಕ್ಕೆ, ನೀಲಿಯಲ್ಲಿ ಹಾರಿದ ಪಾಯಿಂಟನ್ನು ಬೇಕಾದರೆ ಪರದೇಶದ ಒಂದು ಕಂಪನಿಯ ಕಾರ್ಡಿಗೂ ಹಾಕಿಸಬಹುದಿತ್ತು. ಅದರಲ್ಲಿ ಕೂಡಿಸಿದರೆ ಲಂಡನ್ನಿಗೆ ಹೋಗಬಹುದು ಎಂದು ಬೊಂಬಾಯಿಯ ಸಹೋದ್ಯೋಗಿಯೊಬ್ಬ ಇವರ ತಲೆಯಲ್ಲಿ ಹುಳ ಬಿಟ್ಟಿದ್ದ.

"ಲಂಡನ್ನಿನಾಗ ನಮ್ಮಪ್ಪಂದು ಏನ್ ಕೆಲಸ ಐತ್ರಿ?" ಎಂದು ಅವರೇ ಕೇಳಿದರು. ಆಮೇಲೆ ಅವರೇ, "ಆದರ ಪಾಯಿಂಟು ಭಾಳ ಕೊಡ್ತಾರಂತ" ಅಂದರು.

ಮುಂದೆ ತಿಂಗಳುಗಟ್ಟಲೆ ಇದೇ ಚರ್ಚೆ. ಮಸ್ಕಿಯ ಗೊಬ್ಬರದಂಗಡಿಯಲ್ಲಿ ಕೇಳಿದರು. ಅಂಗಡಿಯವನು ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವನಲ್ಲ, ಆದರೂ ನೀಲಿ ಚಲೋ ಅಂದ. ತುರ್ವಿಹಾಳದ ಪ್ಲಾಟಿನಲ್ಲಿ ಮೊಗ್ಗು ಬಿಡಿಸುತ್ತ ಕೂತ ಹೆಣ್ಣುಮಕ್ಕಳನ್ನು ಕೇಳಿದರು. "ಯಾವುದರಾಗ ಊಟ ಚಲೋ ಕೊಡ್ತಾರ ಅಕ್ಕಾರ?" ಅಂತ ಅವರು ತಿರುಗಿ ಕೇಳಿದರು. ನೀಲಿಯಲ್ಲಿ ಅಂದಾಗ, ಹಾಗಾದರೆ ಅದಕ್ಕೇ ಹಾಕ್ರಿ ಎಂದು ತೀರ್ಮಾನ ಕೊಟ್ಟರು. ನನ್ನನ್ನಂತೂ ದಿನಾ ಕೇಳುತ್ತಿದ್ದರು.

"ಮೇಡಂ, ನಿಮ್ಮೂರಿಗೆ ಹೋಗೋ ಬಸ್ಸಿಗೆ ಟಾವೆಲ್ ಹಾಕ್ರಿ. ಹೋಗಲಾರದ ಬಸ್ಸು ಎಷ್ಟು ಚಲೋ ಇದ್ರ ಏನ್ ಮಾಡೂದೈತಿ?" ಎಂದು ನಾನು ಒಂದು ದಿನ ಸಿಟ್ಟಿನಿಂದಲೇ ಹೇಳಿದೆ.

"ನೀವು ಕುಂತಲ್ಲೇ ಕುಂದ್ರೋ ಮನುಷ್ಯರು, ನಿಮಗ ತಿಳಿಯಂಗಿಲ್ಲ. ಹಳೇದರಾಗ ಹಾಕ್ಕೋಂತ ಹೋದ್ರ ಅಷ್ಟು ಕೂಡೂದರಾಗ ನಮ್ಮಪ್ಪನ ವಯಸ್ಸೆಲ್ಲಿಗೆ ಹೊಕ್ಕೈತಿ?" ಎಂದು ಅವರೂ ಸಿಟ್ಟಾದರು. ಅದು ಸುಳ್ಳಲ್ಲ.

ಕೊನೆಗೆ ಅವರು ಮಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ ಮಾಡುವುದನ್ನೇ. ಒಂದು ಸಲ ಹಳೆಯದಕ್ಕೆ, ಒಂದು ಸಲ ನೀಲಿಗೆ. ಲಂಡನ್ನಿನ ಕಾರ್ಡಿಗೂ ಅರ್ಜಿ ಹಾಕಿದರು, ಕಾರ್ಡು ಬಂದ ಮೇಲೆ ಅದಕ್ಕೆ ಹಾಕಲು ಮನಸ್ಸು ಬರದೆ ಟ್ರಂಕಿನಲ್ಲಿಟ್ಟರು. ಮೂರು ಕಡೆ ಸಾಮಾನು ಹಂಚಿ ನಡುವೆ ನಿಂತವರ ಮುಖ ಇತ್ತಲ್ಲ, ಆ ಮುಖ ಅವರಿಗೆ ಕಾಯಮ್ಮಾಗಿ ಬಂದುಬಿಟ್ಟಿತು. ಹೊಲದಲ್ಲಿದ್ದಾಗ ಮೀಟಿಂಗಿನ ಚಿಂತೆ, ಮೀಟಿಂಗಿನಲ್ಲಿದ್ದಾಗ ಹೂವಿನ ಚಿಂತೆ. ಎರಡರ ನಡುವೆ ಲಿಂಗಸೂಗೂರಿಗೆ ಹೋಗಿ ಅಪ್ಪನನ್ನು ನೋಡಿ, ಕೆಮ್ಮಿದರೆ ಯಾಕೆ ಕೆಮ್ಮಿದೆ ಎಂದು ಗದರಿಸಿ, ಅದೇ ಬಸ್ಸಿನಲ್ಲಿ ವಾಪಸ್ಸು.

"ಅವಸರ ಯಾಕ ಯವ್ವಾ, ನಾಗಪುರ ಎಲ್ಲಿಗೂ ಹೋಗೂದಿಲ್ಲ" ಎಂದು ಅಪ್ಪ ಅನ್ನುತ್ತಿದ್ದರು. ಅದನ್ನು ಪೂರ್ತಿ ಕೇಳುವ ಮುಂಚೆಯೇ ಮಗಳು ಓಣಿಯ ಕೊನೆಯಲ್ಲಿರುತ್ತಿದ್ದರು.

ಈ ನಡುವೆ ನೀಲಿ ವಿಮಾನ ನಾಗಪುರಕ್ಕೂ ಶುರುವಾಗುತ್ತದೆ ಎಂಬ ಸುದ್ದಿ ಹಬ್ಬಿತು. ಮೇಡಂ ಭರೋಸ ಇಟ್ಟರು. ಮುಂದೆ ಎಲ್ಲ ಹಾರಾಟವೂ ನೀಲಿಗೇ. ಬೇಗ ಬೇಗ ಕೂಡಿತು. ಇನ್ನೊಂದು ಸ್ವಲ್ಪ, ಮುಂದಿನ ಹಂಗಾಮಿಗೆ ಅಪ್ಪ ನಾಗಪುರದಲ್ಲಿ ಎಂದು ಹೊಲದ ಹೆಣ್ಣುಮಕ್ಕಳಿಗೆಲ್ಲ ಹೇಳಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ಹೋದರೆ ನೀಲಿಯವರ ಕೌಂಟರಿನಲ್ಲಿ ಒಬ್ಬರೂ ಇಲ್ಲ. ಗಾಜಿಗೆ ಒಂದು ಚೀಟಿ ಅಂಟಿಸಿತ್ತು. ಆ ಕಾಲದಲ್ಲಿ ಹೊಸ ವಿಮಾನ ಕಂಪನಿಗಳು ಹುಟ್ಟುವುದೂ ಮುಚ್ಚುವುದೂ ನಮ್ಮೂರಿನ ವಿಡಿಯೋ ಅಂಗಡಿಗಳಂತೆಯೇ ನಡೆದಿತ್ತು.

ಮರುದಿನ ಗೋದಾಮಿಗೆ ಬಂದರು. "ನೀಲಿ ಬಂದ್ ಆಗ್ಯಾದ" ಅಂದರು. ನಾನು ಚಹಾ ತರಿಸಿದೆ. "ಲಂಡನ್ನಿಗೆ ಹಾಕಿದ್ರ ಉಳೀತಿದ್ವು ನೋಡ್ರಿ" ಎಂದು ನಕ್ಕರು. ಅದು ನೋಡುವಂಥ ನಗುವಾಗಿರಲಿಲ್ಲ. ಚಹಾ ಅಲ್ಲೇ ಬಿಟ್ಟು ತುರ್ವಿಹಾಳದ ಬಸ್ಸಿಗೆ ಓಡಿದರು. ನನಗೆ ಅವತ್ತು ಆ ವಿಮಾನದವರ ಮೇಲೆ, ಗೊಬ್ಬರದಂಗಡಿಯವನ ಮೇಲೆ, ಕಾರಣವಿಲ್ಲದೆ ಎಲ್ಲರ ಮೇಲೂ ಕೋಪ ಬಂದಿತ್ತು.

ಉಳಿದದ್ದು ಹಳೇ ಕಾರ್ಡು. ಅಲ್ಲಿಂದ ಮುಂದೆ ಅವರು ಬೇರೆ ಕಡೆ ನೋಡಲಿಲ್ಲ. ಚಿಟಿಕೆ ಚಿಟಿಕೆಯಾಗಿ ಕೂಡುತ್ತ ಬಂತು. ಅಷ್ಟರಲ್ಲಿ ಕಂಪನಿಗೆ ಖರ್ಚಿನ ಬಿಸಿ ತಟ್ಟಿತು. ಇನ್ನು ಮೇಲೆ ಎಲ್ಲರೂ ರೈಲಿನಲ್ಲೇ ಓಡಾಡಬೇಕು, ಮುಂದಿನ ಒಂದು ಬೆಂಗಳೂರಿನ ಮೀಟಿಂಗಿಗೆ ಮಾತ್ರ ಹಳೆಯ ಪದ್ಧತಿಯಂತೆ ವಿಮಾನದಲ್ಲಿ ಹೋಗಬಹುದು ಎಂದು ಸುತ್ತೋಲೆ ಬಂತು. ಅವರಿಗಿದು ಕೊನೆಯ ವಿಮಾನ. ಬೆಂಗಳೂರಿಗೆ ಹೋಗಿ ಬಂದರೆ ಬರುವ ಪಾಯಿಂಟು ಸೇರಿಸಿದರೂ ಒಂದು ಟಿಕೇಟಿಗೆ ಸ್ವಲ್ಪದರಲ್ಲೇ ಕಡಿಮೆ ಬೀಳುತ್ತಿತ್ತು.

ಆಗ ಅವರಿಗೆ ಒಂದು ದಾರಿ ಹೊಳೆಯಿತು. ನಮ್ಮ ಕಡೆ ಬಸ್ಸು ತಪ್ಪಿದರೆ ಊರು ಸುತ್ತಿ ಹೋಗುವ ಬಸ್ಸು ಹಿಡಿಯುತ್ತೇವಲ್ಲ, ಹಾಗೆ. ಹೈದರಾಬಾದಿನಿಂದ ಮದ್ರಾಸಿಗೆ, ಮದ್ರಾಸಿನಿಂದ ಬೆಂಗಳೂರಿಗೆ, ಬರುವಾಗಲೂ ಅದೇ ಸುತ್ತು. ದೂರ ಹೆಚ್ಚು, ಪಾಯಿಂಟು ಹೆಚ್ಚು. ಮದ್ರಾಸಿನ ಲ್ಯಾಬಿಗೆ ಸ್ಯಾಂಪಲ್ ಕೈಯಾರೆ ಮುಟ್ಟಿಸಬೇಕಾಗಿದೆ ಎಂದು ದೊಡ್ಡ ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರ್ ಒಳ್ಳೆಯವನು. ಸ್ಯಾಂಪಲ್ಲಿನ ವಿಷಯ ಅವನು ನಂಬಿದನೋ, ಅಪ್ಪನ ವಿಷಯ ಅವನಿಗೂ ಗೊತ್ತಿತ್ತೋ, ಅಂತೂ ಸಹಿ ಹಾಕಿದ. ಮದ್ರಾಸಿನಲ್ಲಿ ಹೋಗುವಾಗ ಬರುವಾಗ ಎರಡೂ ಸಲ ಅರ್ಧ ದಿನ ಸುಮ್ಮನೆ ಕಾಯಬೇಕಾಯಿತಂತೆ. ಕೂಡಲಾಗದೆ ನಿಲ್ದಾಣದ ಒಳಗೇ ಅಡ್ಡಾಡಿದರಂತೆ. ಪೊಲೀಸಿನವನೊಬ್ಬ ಬಂದು ಏನಾದರೂ ಕಳೆದುಕೊಂಡಿದ್ದೀರಾ ಎಂದು ಕೇಳಿದನಂತೆ.

ಪಾಯಿಂಟು ಸಾಕಾದವು. ಆದರೆ ಒಂದು ಟಿಕೇಟಿಗೆ. ಹಬ್ಬದ ದಿನಗಳಲ್ಲಿ ಪುಕ್ಕಟೆ ಸೀಟು ಕೊಡುವುದಿಲ್ಲ ಎಂದು ದಸರೆ ಮುಗಿದ ಮೇಲಿನ ವಾರದ್ದು ಸಿಕ್ಕಿತು. ಮಗಳ ಸಂಗಾಟ ಎಂದು ಜೀವಮಾನವಿಡೀ ಹೇಳಿಕೊಂಡು ಬಂದ ಮನುಷ್ಯ ಈಗ ಒಬ್ಬರೇ ಹೋಗಬೇಕು. ಇದನ್ನು ಹೇಳಲು ಮೇಡಂ ನನ್ನನ್ನು ಜೊತೆಗೆ ಕರೆದುಕೊಂಡು ಲಿಂಗಸೂಗೂರಿಗೆ ಹೋದರು. ಅಪ್ಪ ಎಲೆ ಅಡಿಕೆ ಮಡಚಿದರು.

"ಒಬ್ಬಾಂವ ನಾ ಹೋಗಂಗಿಲ್ಲ" ಅಂದರು.

"ನಾ ಹಿಂದಿನ ದಿನ ರೈಲಿಗೆ ಹೊಂಡ್ತೀನಪ್ಪ. ನೀ ಇಳಿಯೂದರಾಗ ನಾ ಅಲ್ಲಿ ಬಾಗಲ್ದಾಗ ನಿಂತಿರ್ತೀನಿ."

"ನೀ ನಿಂದ್ರಾಕಿ ಏನು? ನಾ ತಡಾ ಮಾಡಿದ್ರ ಹೊಂಟ ಹೊಕ್ಕಿ."

ಮೇಡಂ ಕಣ್ಣು ತುಂಬಿಕೊಂಡದ್ದು ನನಗೂ ಕಂಡಿತು, ಅಪ್ಪನಿಗೂ ಕಂಡಿತು. ಅಪ್ಪ ನನ್ನ ಕಡೆ ತಿರುಗಿ, "ತಮ್ಮಾ, ಹೈದ್ರಾಬಾದ್ ತನಕ ನೀ ಬರ್ತಿಯೇನು?" ಅಂದರು. ಊರು ಬಿಟ್ಟು ಕದಲಲಾರದ ನಾನು ಬರುತ್ತೇನೆ ಅಂದೆ. ಬೇರೆ ಏನು ಹೇಳಲಿಕ್ಕಾದೀತು.

ಕ್ರಾಸಿಂಗಿನ ಭರದ ದಿನಗಳವು. ಹೂವು ಕಾಯುವುದಿಲ್ಲ ಎನ್ನುತ್ತಿದ್ದವರು ಮೊದಲ ಸಲ ಹೂವನ್ನು ಹೆಣ್ಣುಮಕ್ಕಳ ಕೈಗೆ ಬಿಟ್ಟು ಹೋದರು. "ಅಕ್ಕಾರ, ನೀವಿಲ್ಲದಿದ್ರ ನಮ್ಮ ಕೈ ಇನ್ನೂ ಚಲೋ ಓಡ್ತಾವ" ಎಂದು ಅವರು ನಗಿಸಿ ಕಳಿಸಿದರು. ಹೊರಡುವ ಮುಂಚೆ ಮೇಡಂ ಚೀಲದಿಂದ ಆ ಕೆಂಪು ಅಂಚಿನ ಟವೆಲ್ ತೆಗೆದು ಅಪ್ಪನ ಹೆಗಲಿಗೆ ಹಾಕಿದರು. "ಒಳಗ ಥಂಡಿ ಇರ್ತದ, ಹೊದ್ಕೋ" ಅಂದರು.

ಬೇಗಂಪೇಟೆಯಲ್ಲಿ ಟಿಕೇಟಿಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಾನು ಅಲ್ಲಿಯವರೆಗೆ ಕೈ ಹಿಡಿದು ಕರೆದೊಯ್ದೆ. ಅಪ್ಪ ಹೊಸ ಬಿಳಿ ಅಂಗಿ ತೊಟ್ಟಿದ್ದರು. ಕಾವಲಿನವನಿಗೆ ಟಿಕೇಟು ತೋರಿಸಿ, ಅವನು ಹಿಂದಿರುಗಿಸಿದ ಮೇಲೂ ಒಂದು ಕ್ಷಣ ಅಲ್ಲೇ ನಿಂತರು. "ಕಡೀತನಕ ಐತಲ್ಲ ಇದು?" ಎಂದು ನನ್ನನ್ನು ಕೇಳಿದರು. ಐತ್ರಿ ಯಜಮಾನ್ರ, ನಾಗಪುರದ ತನಕ ಐತಿ ಅಂದೆ. ತಲೆಯಾಡಿಸಿ ಸಾವಕಾಶ ಒಳಗೆ ಹೋದರು. ವಿಮಾನ ಏರಿದ್ದು ನೋಡಿಯೇ ಬಸ್ಸು ಹತ್ತಿದೆ.

ಅಪ್ಪ ಮಗಳು ಜೊತೆಗೇ ರೈಲಿನಲ್ಲಿ ವಾಪಸ್ಸು ಬಂದ ಕೆಲವು ದಿನಕ್ಕೆ ನಾನು ಲಿಂಗಸೂಗೂರಿಗೆ ಹೋದೆ. ಮೇಡಂ ಆಗಲೇ ಹೊಲ ಸುತ್ತಿ ಬಂದು ಒಳಗೆ ಚಹಾ ಕಾಯಿಸುತ್ತಿದ್ದರು. ಸಂಜೆಯ ಸಿಂಧನೂರು ಬಸ್ಸು ಹಿಡಿಯಬೇಕೆಂದು ಚೀಲ ಬಾಗಿಲಲ್ಲೇ ಇಟ್ಟಿದ್ದರು. ಆವತ್ತು ನಾಗಪುರದಲ್ಲಿ ವಿಮಾನ ತಡವಾಗಿ ಇಳಿಯಿತಂತೆ. "ಮುಂಜಾನಿಂದ ಒಂದ ಕಡೆ ನಿಂತಿದ್ದೆ ಅಣ್ಣಾರ, ಒಂದ ಹೆಜ್ಜಿ ಆಕಡೆ ಈಕಡೆ ಇಲ್ಲ" ಎಂದು ಒಳಗಿನಿಂದಲೇ ಕೂಗಿ ಹೇಳಿದರು. ನಾನು ನಂಬಿದೆ.

ಕಟ್ಟೆಯ ಮೇಲೆ ಅಪ್ಪ ಕೂತಿದ್ದರು. ದೀಕ್ಷಾಭೂಮಿ ಹೇಗಿತ್ತು ಎಂದು ಕೇಳಿದೆ. ಅಡಿಕೆ ಹದಕ್ಕೆ ಬರುವವರೆಗೆ ಕಾದೆ. "ಹಬ್ಬದ ಮಂದಿ ಎಲ್ಲಾ ಹೋಗಿಬಿಟ್ಟಿತ್ತು. ಖಾಲಿ ಇತ್ತು. ಚಲೋ ಆತು, ಆರಾಮ ಕುಂತು ನೋಡಿದೆ" ಅಂದರು. ಮತ್ತೆ ವಿಮಾನದಲ್ಲಿ? ಅಂದೆ.

"ಕಿಟಕಿ ಕಡೆ ಕುಂದ್ರಿಸಿದ್ರು. ಬಾಜೂದ್ದು ಖಾಲಿ ಇತ್ತು. ಟಾವೆಲ್ ಹಾಕಿದೆ."

ನಾನು ನಕ್ಕೆ. ಅವರು ನಗಲಿಲ್ಲ.

"ಒಬ್ಬಾಂವ ಸೂಟಿನಾಂವ ಬಂದು ಅಲ್ಲಿ ಕುಂದ್ರಾಕ ನೋಡಿದ. ಮಂದಿ ಐತಿ ಅಂದೆ. ಆಮ್ಯಾಲ ಆ ವಿಮಾನದ ಹುಡುಗಿ ಬಂದ್ಳು, ಇದು ಯಾರದು ಅಂತ ಹಿಂದಿಯಾಗ ಕೇಳಿದ್ಳು. ನಮ್ಮ ಗಣಿ ಹಿಂದಿ ಇತ್ತಲ್ಲ, ನಮ್ಮ ಮಗಳ ಸೀಟು ಅಂದೆ. ಈ ವಿಮಾನದಾಗ ನನ್ನ ಸಲುವಾಗಿ ಸೀಟು ಹಿಡದಾಕಿ ಆಕಿ. ಆಕೀಗಿ ಒಂದು ಬ್ಯಾಡೇನು?"

"ಆಕಿ ಏನಂದ್ಳು?"

"ಮಗಳು ಎಲ್ಲಿ ಅಂತ ಕೇಳಿದ್ಳು."

ಒಳಗೆ ಬಟ್ಟಲುಗಳ ಸಪ್ಪಳ ನಿಂತಿತ್ತು. ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು. ಅಪ್ಪ ತಿರುಗಿ ನೋಡಲಿಲ್ಲ.

"ಮುಂದ ಹೋಗ್ಯಾಳ ಅಂದೆ. ಆ ಹುಡುಗಿ ಏನ್ತಿಳಕೊಂಡ್ಳೋ ಏನೋ, ಟಾವೆಲ್ ತಗೀ ಅನ್ನಲಿಲ್ಲ. ನಾಗಪುರ ಬರೂತನಕ ಅದು ಅಲ್ಲೇ ಇತ್ತು."

"ಇದನ್ನ ನನಗ ಹೇಳೇ ಇಲ್ಲಲ್ಲಪ್ಪ ನೀ" ಎಂದರು ಮೇಡಂ, ಸಣ್ಣ ದನಿಯಲ್ಲಿ.

"ನೀ ಎಲ್ಲೆರ ಕುಂತ್ರಲ್ಲೇನು ಯವ್ವಾ ಹೇಳೂದು?"

ಮೇಡಂ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತರು. ಕೈಯಲ್ಲಿದ್ದ ಚಹಾವನ್ನು ಬಸಿಗೆ ಸುರಿಯಲಿಲ್ಲ, ಬಟ್ಟಲಿನಲ್ಲೇ ಊದಿ ಊದಿ ಕುಡಿದರು. ಬಸ್ ಸ್ಟ್ಯಾಂಡಿನ ಕಡೆಯಿಂದ ಸಿಂಧನೂರು ಬಸ್ಸಿನ ಹಾರನ್ ಕೇಳಿಸಿತು, ಇನ್ನೊಮ್ಮೆ ಕೇಳಿಸಿತು. ಚೀಲ ಬಾಗಿಲಲ್ಲೇ ಇತ್ತು. ಅವರು ಏಳಲಿಲ್ಲ.